ಟ್ರೌಟ್ ಹೊಳೆಗೆ ಯಾರ ಜೊತೆ ಹೋಗಬೇಕು? ಫ್ಲೈ ಫಿಶಿಂಗ್ ಜೊತೆಗಾರರ ಹೋಲಿಕೆ

ಹುಳುವಿನಂತೆ ಕಟ್ಟಿದ ಹಗುರ ಕೊಕ್ಕೆಯನ್ನು, ಅಂದರೆ ಫ್ಲೈಯನ್ನು, ಬೀಸಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವುದೇ ಇಲ್ಲಿನ ಫ್ಲೈ ಫಿಶಿಂಗ್. ಒಂಬತ್ತಡಿಯ ಐದನೇ ನಂಬರಿನ ರಾಡ್ ತಗೊಳ್ಳಲೋ, ಎಂಟಡಿಯ ನಾಲ್ಕನೇ ನಂಬರಿನದೋ ಎಂದು ತಿಂಗಳುಗಟ್ಟಲೆ ಅಳೆದೂ ಸುರಿದೂ ನೋಡುವವರು, ಜೊತೆಗೆ ಬರುವವರ ವಿಷಯದಲ್ಲಿ ಮಾತ್ರ ‘ಯಾರಿಗೆ ರಜೆ ಸಿಗುತ್ತೋ ಅವರು’ ಎಂದು ಬಿಟ್ಟುಬಿಡುತ್ತಾರೆ. ಬೆಂಗಳೂರಿನಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿಬರಲು ಐದಾರು ದಿನ ಬೇಕು. ದೆಹಲಿಯಿಂದ ರಾತ್ರಿ ಬಸ್ಸು, ಔಟ್ ಎಂಬ ಊರಿನ ಸುರಂಗದ ಹತ್ತಿರ ಇಳಿದು ಬಂಜಾರ್ ಕಡೆಗೆ ಜೀಪು, ಲೈಸೆನ್ಸಿಗೆ ಅರ್ಧ ದಿನ. ಇಷ್ಟೆಲ್ಲ ಕಳೆದು ನೀರಿನಲ್ಲಿ ನಿಲ್ಲಲು ಉಳಿಯುವುದು ಮೂರು ದಿನ. ಆ ಮೂರು ದಿನ ಕೆಟ್ಟರೆ, ಹತ್ತರಲ್ಲಿ ಎಂಟು ಸಲ ಕೆಡುವುದು ಜೊತೆಗಾರರ ನಡಿಗೆ ನಿಮ್ಮ ನಡಿಗೆಗೆ ಹೊಂದದೇ ಇರುವುದರಿಂದ. ಅವರಿಗೆ ಕಾಸ್ಟ್ ಮಾಡಲು, ಅಂದರೆ ಲೈನ್ ಬೀಸಿ ಎಸೆಯಲು, ಬರುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

ಇದಕ್ಕೆ ಕಾರಣ ಮೀನಿನ ಸ್ವಭಾವದಲ್ಲೇ ಇದೆ. ಟ್ರೌಟ್ ಸೆಳವಿಗೆ ಮುಖಮಾಡಿ ನಿಂತು, ತೇಲಿಬರುವ ಆಹಾರಕ್ಕೆ ಕಾಯುತ್ತದೆ. ಆದ್ದರಿಂದ ಗಾಳದವರು ಅದರ ಬೆನ್ನ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾರೆ. ಗುಶೈನಿ ಹಳ್ಳಿಯ ಸುತ್ತಮುತ್ತ ತೀರ್ಥನ್ ಹೊಳೆ ಅನೇಕ ಕಡೆ ಒಂದು ದಡದಿಂದ ಇನ್ನೊಂದು ದಡಕ್ಕೆ ಲೈನ್ ಮುಟ್ಟಿಸಬಹುದಾದಷ್ಟೇ ಅಗಲ. ಅಲ್ಲಿ ಮೊದಲು ಹೋದವರಿಗೆ ಬೆದರದ ಮೀನು, ಹಿಂದೆ ಬಂದವರಿಗೆ ಬಂಡೆಯಡಿ ಸೇರಿಕೊಂಡ ಮೀನು. ಒಮ್ಮೆ ಕಲಕಿದ ಮಡು ಮತ್ತೆ ತಿಳಿಯಾಗಿ, ಮೀನು ಹೊರಬಂದು ತಿನ್ನಲು ಅರ್ಧ ಗಂಟೆಯಾದರೂ ಬೇಕು. ಇಬ್ಬರ ನಡುವಿನ ಮುನಿಸೆಲ್ಲ ಹುಟ್ಟುವುದು ಇಲ್ಲಿಯೇ.

ಓಡುವವರು, ಬೇರು ಬಿಡುವವರು

ಓಡುವವರು ಒಂದು ಜಾಗಕ್ಕೆ ಎರಡು ಮೂರು ಕಾಸ್ಟ್ ಹಾಕಿ ಮುಂದಿನ ಬಂಡೆಗೆ ಹೋಗುತ್ತಾರೆ. ಗಂಟೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ಹೊಳೆ ಮುಗಿಸುತ್ತಾರೆ. ಬೇರು ಬಿಡುವವರು ಒಂದೇ ಮಡುವಿನ ಬಾಯಿ, ನಡು, ಬಾಲ ಎಂದು ವಿಂಗಡಿಸಿಕೊಂಡು, ಫ್ಲೈ ಬದಲಿಸುತ್ತಾ, ಫ್ಲೈ ಕಟ್ಟುವ ತೆಳ್ಳನೆಯ ತುದಿದಾರವಾದ ಟಿಪ್ಪೆಟ್ಟನ್ನು 4ಎಕ್ಸ್‌ನಿಂದ ಇನ್ನೂ ತೆಳ್ಳಗಿನ 5ಎಕ್ಸ್‌ಗೆ ಇಳಿಸುತ್ತಾ ಇಡೀ ಬೆಳಗ್ಗೆ ಕಳೆಯಬಲ್ಲರು. ಎರಡೂ ಸರಿಯಾದ ಪದ್ಧತಿಗಳೇ. ಯಾರು ಬೇಕು ಎನ್ನುವುದನ್ನು ತಿಂಗಳು ನೋಡಿ ತೀರ್ಮಾನಿಸಿ.

ಹಿಮಾಚಲದಲ್ಲಿ ಟ್ರೌಟ್ ನೀರು ನವೆಂಬರಿನಿಂದ ಫೆಬ್ರವರಿವರೆಗೆ ಮುಚ್ಚಿರುತ್ತದೆ, ಅದು ಬ್ರೌನ್ ಟ್ರೌಟ್ ಮೊಟ್ಟೆಯಿಡುವ ಕಾಲ. ಮಾರ್ಚಿನಲ್ಲಿ ಬಾಗಿಲು ತೆರೆದಾಗ ನೀರು ಕೊರೆಯುತ್ತಿರುತ್ತದೆ. ಮೀನು ಆಳದಲ್ಲಿ ಜಡವಾಗಿ ನಿಂತು, ಮೂಗಿನ ಮುಂದೆ ಬಂದದ್ದನ್ನು ಮಾತ್ರ ತಿನ್ನುತ್ತದೆ. ಆಗ ನೀರೊಳಗೆ ಮುಳುಗುವ ಮರಿಹುಳುವಿನಂಥ ಫ್ಲೈ, ಅಂದರೆ ಭಾರದ ನಿಂಫನ್ನು ತಳಕ್ಕೆ ಇಳಿಸಿ, ಅದೇ ದಾರಿಯಲ್ಲಿ ಇಪ್ಪತ್ತು ಸಲ ತೇಲಿಸುವ ತಾಳ್ಮೆ ಬೇಕು. ಮಾರ್ಚ್ ಮತ್ತು ಏಪ್ರಿಲ್ ಮೊದಲ ಭಾಗಕ್ಕೆ ಬೇರು ಬಿಡುವವರೇ ಸರಿ, ಅವರಿಂದ ಕಲಿಯುವುದೂ ಬಹಳ. ಮೇ ತಿಂಗಳಿಗೆ ನೀರು ಹದಕ್ಕೆ ಬಂದು ಮೀನು ಬಂಡೆಗಳ ನಡುವಿನ ಬಿಂದಿಗೆಯಗಲದ ಗುಂಡಿಗಳಿಗೂ ಹರಡಿಕೊಳ್ಳುತ್ತದೆ. ಆಗ 14ನೇ ನಂಬರಿನ ಒಂದು ತೇಲುವ ಕ್ಯಾಡಿಸ್ ಹುಳುವಿನ ಫ್ಲೈ ಕಟ್ಟಿಕೊಂಡು ಓಡುವವರ ಜೊತೆ ಹೋಗಿ. ಜುಲೈ ಮತ್ತು ಆಗಸ್ಟಿನಲ್ಲಿ ಮಳೆಯ ಕೆಂಪು ನೀರು, ಆಗ ಹೋಗುವುದೇ ಬೇಡ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರಿನಲ್ಲಿ ಹೊಳೆ ಕನ್ನಡಿಯಂತೆ ತಿಳಿಯಾಗಿ, ತೆಳ್ಳಗೆ ಹರಿಯುತ್ತದೆ. ಆಗ ಓಡುವವರು ಒಂದು ಹೆಜ್ಜೆ ತಪ್ಪಿಟ್ಟರೂ ಮೀನು ಚದುರುತ್ತದೆ. ಹತ್ತು ನಿಮಿಷ ನೀರನ್ನೇ ದಿಟ್ಟಿಸಿ, ಮೀನು ಕಂಡ ಮೇಲೆ ಒಂದೇ ಕಾಸ್ಟ್ ಹಾಕುವವರು ಆಗ ಬೇಕು. ಅಂಥವರು ಕಡಿಮೆ. ಸಿಕ್ಕರೆ ಅವರ ರಜೆಗೆ ನಿಮ್ಮ ರಜೆ ಹೊಂದಿಸಿಕೊಳ್ಳಿ.

ಒಬ್ಬರು ಓಡುವವರು, ಇನ್ನೊಬ್ಬರು ಬೇರು ಬಿಡುವವರು ಆದರೆ? ಒಟ್ಟಿಗೆ ನಡೆಯಬೇಡಿ. ಬಂಜಾರ್ ಕಡೆಯಿಂದ ಗುಶೈನಿವರೆಗೆ ರಸ್ತೆ ಹೊಳೆಯ ಪಕ್ಕದಲ್ಲೇ ಸಾಗುತ್ತದೆ, ಅದನ್ನು ಉಪಯೋಗಿಸಿಕೊಳ್ಳಿ. ನಿಧಾನದವರು ಮೇಲೆ, ಬೇಗದವರು ಒಂದು ಕಿಲೋಮೀಟರ್ ಕೆಳಗೆ ನೀರಿಗೆ ಇಳಿಯಲಿ. ಮೇಲಿನವರು ತಾವು ಇಳಿದ ಜಾಗದಲ್ಲಿ, ನೀರಿನ ಅಂಚಿನ ಬಂಡೆಯ ಮೇಲೆ ಒಂದು ಹಸಿ ಕೊಂಬೆ ಇಟ್ಟು ಅದರ ಮೇಲೆ ಕಲ್ಲು ಹೇರಲಿ. ಕೆಳಗಿನವರು ಆ ಕೊಂಬೆ ಕಂಡಲ್ಲಿ ನೀರು ಬಿಟ್ಟು ರಸ್ತೆಗೆ ಹತ್ತಿ, ಮುಂದಿನವರನ್ನು ದಾಟಿ ನೂರು ಮೀಟರಾದರೂ ಮೇಲೆ ಹೋಗಿ ಇಳಿಯಲಿ. ಅಲ್ಲಿ ಅವರದೂ ಒಂದು ಕೊಂಬೆ. ಕೊಂಬೆ ಒಣಗಿದ್ದಾದರೆ ಹೊಳೆದಡದ ಕಸದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಹಸಿಯದೇ ಬೇಕು. ಈ ಒಂದು ಏರ್ಪಾಟಿನಿಂದ ಹೊಂದದ ಜೋಡಿಯೂ ಸಂಜೆ ಒಟ್ಟಿಗೆ ಕೂತು ಊಟ ಮಾಡುತ್ತದೆ.

ಚಮಚದವರ ಜೊತೆ ಹೋಗುವುದಾದರೆ

ನಮ್ಮ ದೇಶದಲ್ಲಿ ಫ್ಲೈ ಹಿಡಿದವರಿಗಿಂತ ಸ್ಪಿನ್ನಿಂಗ್ ರಾಡ್ ಹಿಡಿದವರು ಬಹಳ ಹೆಚ್ಚು, ತೀರ್ಥನ್ ಕಣಿವೆಯ ಸ್ಥಳೀಯರಲ್ಲೂ ಹಾಗೆಯೇ. ನಿಮ್ಮ ಜೊತೆಗಾರರೂ ಹೊಳೆಯುವ ಚಮಚದಂಥ ಸ್ಪೂನ್ ಎಸೆಯುವವರೇ ಆಗಿರಬಹುದು. ಅವರನ್ನು ಬೇಡವೆನ್ನಬೇಕಾಗಿಲ್ಲ. ಒಂದು ಕ್ರಮ ಒಪ್ಪಿಕೊಂಡರೆ ಸಾಕು: ಒಂದು ಮಡುವಿಗೆ ಮೊದಲು ಮೇಲೆ ತೇಲುವ ಡ್ರೈ ಫ್ಲೈ, ಆಮೇಲೆ ನಿಂಫ್, ಕಡೆಗೆ ಸ್ಪೂನ್.

ಈ ಕ್ರಮ ತಿರುಗುಮುರುಗಾದರೆ ಕೆಡುತ್ತದೆ. ಸ್ಪೂನ್ ನೀರಿಗೆ ಬೀಳುವಾಗ ಸದ್ದು ಮಾಡಿ, ಮಡುವಿನ ಉದ್ದಕ್ಕೂ ಅಡ್ಡಹಾಯ್ದು ಬರುತ್ತದೆ. ಅದನ್ನು ಅಟ್ಟಿಸಿಕೊಂಡು ಬಂದು, ಕಚ್ಚದೆ ತಿರುಗಿದ ಮೀನು ಆಮೇಲೆ ಮೇಲ್ಮೈಯ ಪುಟ್ಟ ಫ್ಲೈಗೆ ಏಳುವುದು ಅಪರೂಪ. ಫ್ಲೈ ಹಾಗಲ್ಲ. ಲೈನ್ ಮೆತ್ತಗೆ ಬಿದ್ದರೆ ಕೆಳಗಿನ ದೊಡ್ಡ ಮೀನಿಗೆ ಅರಿವೇ ಆಗುವುದಿಲ್ಲ, ಹಿಂದೆ ಬರುವ ಸ್ಪೂನಿಗೆ ಏನೂ ನಷ್ಟವಿಲ್ಲ. ಇದನ್ನು ಮೊದಲ ದಿನ ಬೆಳಗ್ಗೆಯೇ ಬಾಯಿಬಿಟ್ಟು ಹೇಳಿ, ನಾಚಿಕೊಂಡರೆ ಮೂರೂ ದಿನ ಹಲ್ಲು ಕಚ್ಚಿಕೊಂಡಿರಬೇಕಾಗುತ್ತದೆ. ಸ್ಪೂನಿನ ಮೂರು ಮೊನೆಯ ಕೊಕ್ಕೆ ತೆಗೆದು, ಮೊನೆಯ ಹತ್ತಿರದ ಹಿಮ್ಮುಖ ಮುಳ್ಳನ್ನು ಒತ್ತಿ ಮಟ್ಟಮಾಡಿದ ಒಂಟಿ ಕೊಕ್ಕೆ ಹಾಕಿಕೊಳ್ಳಲು ಅವರು ಒಪ್ಪಿದರೆ ಅವರು ಒಳ್ಳೆಯ ಜೊತೆಗಾರರೆಂದು ಕಣ್ಣುಮುಚ್ಚಿ ನಂಬಬಹುದು.

ಮೇಷ್ಟ್ರು

ಕಲಿಸುವವರಲ್ಲಿ ಎರಡು ಬಗೆ. ಒಬ್ಬರು ಪ್ರತಿ ಕಾಸ್ಟಿಗೂ ಒಂದು ತಿದ್ದುಪಡಿ ಹೇಳುತ್ತಾರೆ: ಮೊಣಕೈ ಒಳಗೆ, ಹೆಬ್ಬೆರಳು ಮೇಲೆ, ಲೈನ್ ಬಿಗಿ, ಈಗ ನಿಧಾನ. ಕಲಿಯುವವರ ಕೈ ಹತ್ತನೇ ನಿಮಿಷಕ್ಕೆ ಮರಗಟ್ಟುತ್ತದೆ. ಇನ್ನೊಬ್ಬರು ಕಾಲು ಗಂಟೆ ಸುಮ್ಮನೆ ನೋಡಿ ಒಂದೇ ಒಂದು ಮಾತು ಹೇಳುತ್ತಾರೆ. ಹೊಸಬರಲ್ಲಿ ಆ ಒಂದು ಮಾತು ಬಹುತೇಕ ಮಣಿಕಟ್ಟಿನದೇ. ಹಿಂದಕ್ಕೆ ಬೀಸುವಾಗ ಮಣಿಕಟ್ಟು ಮುರಿದು ರಾಡಿನ ತುದಿ ಗಡಿಯಾರದ ಒಂದು ಗಂಟೆ ದಾಟಿ ಮೂರಕ್ಕೆ ಇಳಿದುಬಿಡುತ್ತದೆ. ಲೈನ್ ಹಿಂದೆ ನೆಲಕ್ಕೆ ಕುಸಿಯುತ್ತದೆ, ಫ್ಲೈ ಪೊದೆಗೆ ಸಿಕ್ಕಿಕೊಳ್ಳುತ್ತದೆ. ರಾಡಿನ ಬುಡವನ್ನು ಅಂಗಿಯ ತೋಳಿನ ಅಂಚಿನೊಳಕ್ಕೆ ತೂರಿಸಿ ಬೀಸಿದರೆ ಮಣಿಕಟ್ಟು ಬಾಗುವುದು ತಾನಾಗಿ ನಿಲ್ಲುತ್ತದೆ. ಇಂಥ ಒಂದು ಉಪಾಯ ಗೊತ್ತಿರುವವರನ್ನು ಆರಿಸಿ.

ಕಲಿಸುವವರು ಎಲ್ಲಿ ನಿಲ್ಲುತ್ತಾರೆ ಎನ್ನುವುದನ್ನೂ ಗಮನಿಸಿ. ಬಲಗೈಯವರಿಗೆ ಕಲಿಸುವಾಗ ಎಡಕ್ಕೆ, ಎರಡು ರಾಡ್ ಉದ್ದ ದೂರದಲ್ಲಿ ನಿಲ್ಲಬೇಕು. ಬೆನ್ನ ಹಿಂದೆ ನಿಂತು ಕಲಿಸುವವರ ಮುಖಕ್ಕೇ ಕೊಕ್ಕೆ ಹೋಗುತ್ತದೆ. ಗಾಳಿ ಬಲಗಡೆಯಿಂದ ಬೀಸುತ್ತಿದ್ದರೆ ಫ್ಲೈ ಬೀಸುವವರ ಕಿವಿಯ ಹತ್ತಿರವೇ ಹಾಯುತ್ತದೆ, ಲೈನ್ ಎಡ ಭುಜದ ಮೇಲೂ ಬರಬಹುದು. ಆಗ ಎಡಗಡೆಯೂ ಕ್ಷೇಮವಲ್ಲ, ಮೇಷ್ಟ್ರು ಇನ್ನಷ್ಟು ದೂರ ಸರಿಯಬೇಕು. ಕನ್ನಡಕ ಮತ್ತು ಟೋಪಿ ಇಬ್ಬರಿಗೂ ಕಡ್ಡಾಯ.

ಲೆಕ್ಕದವರು, ಕ್ಯಾಮೆರಾದವರು, ಪೆಟ್ಟಿಗೆಯವರು

ದಿನಕ್ಕೆ ಎಷ್ಟು ಮೀನು ಎಂದು ಎಣಿಸುವವರಿಂದ ಕೇಡೇನೂ ಇಲ್ಲ, ಎಣಿಸುವ ಆತುರದಲ್ಲಿ ಮೀನನ್ನು ಹೇಗೆ ಹಿಡಿಯುತ್ತಾರೆ ಎನ್ನುವುದಷ್ಟೇ ಮುಖ್ಯ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಸೋಂಕು ತಡೆಯುವುದು ಆ ಲೋಳೆಯೇ. ಕೈ ಒದ್ದೆ ಮಾಡಿ, ಬಲೆಯಲ್ಲಿ ನೀರೊಳಗೇ ಇಟ್ಟು, ಇಕ್ಕಳದಿಂದ ಕೊಕ್ಕೆ ತಿರುಗಿಸಿ ಬಿಡುವುದಕ್ಕೆ ಅರ್ಧ ನಿಮಿಷ ಸಾಕು. ಫೋಟೊ ಬೇಕಾದರೆ ಮೊದಲು ಕ್ಯಾಮೆರಾ ಸಿದ್ಧವಾಗಲಿ, ಆಮೇಲೆ ಮೀನನ್ನು ನೀರು ತೊಟ್ಟಿಕ್ಕುತ್ತಿರುವಂತೆ ಎತ್ತಿ, ಮೂರು ಎಣಿಸಿ, ಇಳಿಸಲಿ. ‘ಇನ್ನೊಂದು, ಇನ್ನೊಂದು’ ಎನ್ನುವವರ ಜೊತೆ ನಾವು ಹೋಗಲು ಹೇಳುವುದಿಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟಿಗೆ ಬಿಟ್ಟ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ಬೇಸಿಗೆಯ ಮಧ್ಯಾಹ್ನ ಥರ್ಮಾಮೀಟರ್ ನೋಡಿ ‘ಇವತ್ತಿಗೆ ಸಾಕು’ ಎನ್ನುವವರು ಲಕ್ಷಕ್ಕೊಬ್ಬರು.

ಯಾವ ಮೀನು ಎಂದು ಗುರುತು ಹಿಡಿಯಬಲ್ಲರೇ ಎಂಬುದನ್ನೂ ಕೇಳಿ. ಬ್ರೌನ್ ಟ್ರೌಟ್ ಈ ನೀರಿನ ಮೂಲನಿವಾಸಿಯಲ್ಲ, ಬ್ರಿಟಿಷರ ಕಾಲದಲ್ಲಿ 1909ರ ಸುಮಾರಿಗೆ ಕುಲ್ಲು ಕಡೆಗೆ ಬಂದದ್ದು. ಹಿಮಾಲಯದ ಹೊಳೆಗಳ ಸ್ವಂತ ಮೀನು ಸ್ನೋ ಟ್ರೌಟ್. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ನಮ್ಮ ಮಹಸೀರ್ ಸೇರಿದ ಕಾರ್ಪ್ ಕುಲದ್ದು. ಕಲ್ಲಿನ ಪಾಚಿ ಕೆರೆಯಲು ಅನುಕೂಲವಾಗುವಂತೆ ಅದರ ಬಾಯಿ ಕೆಳಗಿರುತ್ತದೆ. ಅದು ನಿಂಫಿಗೆ ಬಿದ್ದಾಗ ಬಹಳ ನಯವಾಗಿ ಬಿಡಬೇಕು.

ಪೆಟ್ಟಿಗೆಯವರು ಹನ್ನೆರಡು ಡಬ್ಬಿ ಫ್ಲೈ ಹೊತ್ತು ತರುತ್ತಾರೆ. ಮರೆತವರಿಗೆ ಟಿಪ್ಪೆಟ್ ಕೊಡುತ್ತಾರೆ, ಲೈನಿಗೂ ಟಿಪ್ಪೆಟ್ಟಿಗೂ ನಡುವಿನ ದಾರವಾದ ಲೀಡರ್ ತುಂಡಾದರೆ ಕಟ್ಟಿಕೊಡುತ್ತಾರೆ. ಬೆಳಗ್ಗೆ ತಡವಾಗಿ ಹೊರಡುವುದೊಂದೇ ಅವರ ದೋಷ, ರಾತ್ರಿಯೇ ರಾಡ್ ಜೋಡಿಸಿಡಲು ಹೇಳಿದರೆ ಅದೂ ಸರಿಹೋಗುತ್ತದೆ.

ಗಾಳವನ್ನೇ ಹಿಡಿಯದವರು

ಸಂಗಾತಿಯೋ, ಅಣ್ಣನೋ, ಹಕ್ಕಿ ನೋಡಲು ಬಂದ ಗೆಳತಿಯೋ, ಗಾಳದ ಗೊಡವೆಯೇ ಇಲ್ಲದ ಜೊತೆಗಾರರನ್ನು ಫ್ಲೈ ಫಿಶಿಂಗಿನವರು ಹೊರೆ ಎಂದುಕೊಳ್ಳುತ್ತಾರೆ. ಅಕ್ಟೋಬರಿನ ತಿಳಿನೀರಿನಲ್ಲಿ ಇವರಷ್ಟು ಒಳ್ಳೆಯ ಜೊತೆ ಇನ್ನಿಲ್ಲ. ನೀರಿನಲ್ಲಿ ಸೊಂಟ ಬಗ್ಗಿಸಿ ನಿಂತವರಿಗೆ ಕಾಣುವುದು ಮೇಲ್ಮೈಯ ಮಿನುಗು ಮಾತ್ರ. ಎಂಟು ಹತ್ತು ಅಡಿ ಎತ್ತರದ ದಡದಿಂದ ಆ ಮಿನುಗು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿ ನೋಡಿದವರಿಗೆ ತಳವೆಲ್ಲ ಕಾಣುತ್ತದೆ.

ಅವರಿಗೆ ಮೀನು ಹುಡುಕುವುದನ್ನು ಕಲಿಸಬೇಡಿ, ನೆರಳು ಹುಡುಕುವುದನ್ನು ಕಲಿಸಿ. ಬ್ರೌನ್ ಟ್ರೌಟಿನ ಬೆನ್ನು ಉರುಟುಗಲ್ಲಿನ ಬಣ್ಣವೇ, ಮೀನನ್ನೇ ಹುಡುಕಿದರೆ ಸಿಗುವುದಿಲ್ಲ. ಬಿಸಿಲಿದ್ದಾಗ ಅದರ ಕೆಳಗೆ ಮರಳಿನ ಮೇಲೆ ಗೇಣುದ್ದದ ಕಪ್ಪು ನೆರಳು ಬಿದ್ದು, ಅದೊಂದೇ ಅತ್ತಿತ್ತ ಓಲಾಡುತ್ತಿರುತ್ತದೆ. ಕಲ್ಲಿನ ನೆರಳು ಓಲಾಡುವುದಿಲ್ಲ. ನಡುವೆ ಒಮ್ಮೆ ಬೆಳ್ಳಗೆ ಏನೋ ಮಿಂಚಿ ಮಾಯವಾದರೆ ಮೀನು ಬಾಯಿ ತೆರೆದು ತಿನ್ನುತ್ತಿದೆ ಎಂದರ್ಥ. ಜಾಗ ಹೇಳುವ ಭಾಷೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ: ಬೀಸುವವರು ಮುಖಮಾಡಿದ ದಿಕ್ಕು ಹನ್ನೆರಡು ಗಂಟೆ, ದೂರವನ್ನು ರಾಡ್ ಉದ್ದದಲ್ಲಿ ಹೇಳುವುದು. ‘ಹನ್ನೊಂದು ಗಂಟೆಗೆ, ಮೂರು ರಾಡ್’ ಎಂದರೆ ಮುಗಿಯಿತು. ‘ಅಲ್ಲಿ ಆ ಕಲ್ಲಿನ ಪಕ್ಕ’ ಎಂದರೆ ಹೊಳೆತುಂಬ ಕಲ್ಲೇ ಇವೆ. ನೋಡುವವರು ಮೀನಿನ ಬಾಲದ ಕಡೆಯೇ ಇರಬೇಕು, ಮರದ ಮರೆಯಲ್ಲಿರಬೇಕು, ಬೆರಳು ತೋರಿಸಲು ಕೈ ಎತ್ತಬಾರದು. ಆಕಾಶದ ಹಿನ್ನೆಲೆಯಲ್ಲಿ ಅಲುಗಾಡಿದ ಕೈ ಮೀನಿಗೆ ಹದ್ದಿನಂತೆ ಕಾಣುತ್ತದೆ.

ಬಾಡಿಗೆ ಗೈಡು

ಇಬ್ಬರೂ ಹೊಸಬರಾದರೆ ಮೂರನೆಯವರಾಗಿ ಸ್ಥಳೀಯ ಗೈಡ್ ಬೇಕೇ ಬೇಕು. ಅವರನ್ನು ಎರಡು ಪ್ರಶ್ನೆ ಕೇಳಿ: ಫ್ಲೈ ಹಾಕುತ್ತೀರಾ, ಇಲ್ಲ ಸ್ಪೂನ್ ಮಾತ್ರವೇ? ಇವತ್ತು ನೀರು ಎಲ್ಲಿ ದಾಟಬಹುದು? ಎರಡನೆಯದಕ್ಕೆ ಥಟ್ಟನೆ ಉತ್ತರ ಬಂದರೆ ಮೊದಲನೆಯದು ‘ಇಲ್ಲ’ ಎಂದಾದರೂ ಪರವಾಗಿಲ್ಲ. ಲೈಸೆನ್ಸ್ ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಇರಬೇಕು, ಒಬ್ಬರದರಲ್ಲಿ ಇಬ್ಬರು ಹಾಕುವಂತಿಲ್ಲ.

ನೀರು ದಾಟುವಾಗ ಯಾರಿರಬೇಕು

ಮೇಲಿನ ಬಗೆಗಳಲ್ಲಿ ಯಾರನ್ನು ಆರಿಸಿದರೂ, ‘ವಾಪಸ್ ಹೋಗೋಣ’ ಎನ್ನಲು ಬಾಯಿ ಬರದವರು ಬೇಡ. ಹಿಮ ಕರಗುವ ತಿಂಗಳುಗಳಲ್ಲಿ ಬೆಳಗ್ಗೆ ಮೊಣಕಾಲುದ್ದವಿದ್ದ ಹಾಯುಗಡ ಮಧ್ಯಾಹ್ನ ಮೂರಕ್ಕೆ ತೊಡೆಯುದ್ದವಾಗುತ್ತದೆ. ನೀರಂಚಿನ ಬಂಡೆಗೆ ಬೆಳಗ್ಗೆಯೇ ಒಂದು ಗುರುತು ಇಟ್ಟುಕೊಳ್ಳಿ. ಅದು ಮುಳುಗಿದರೆ, ಇಲ್ಲವೇ ತಿಳಿನೀರು ಹಾಲು ಕಲಸಿದಂತಾದರೆ, ಹೊರಟ ದಡಕ್ಕೆ ಮರಳಿ. ಓಡುವವರ ಮೇಲೆ ಇಲ್ಲಿ ಹೆಚ್ಚು ಕಣ್ಣಿಡಬೇಕು, ಮುಂದಿನ ಮಡು ಅವರನ್ನು ಸದಾ ಕರೆಯುತ್ತಿರುತ್ತದೆ.

ಇಬ್ಬರು ದಾಟುವಾಗ ಗಟ್ಟಿ ಆಳು ಸೆಳವಿನ ಮೇಲ್ಗಡೆ. ಅವರು ಸೆಳವಿಗೆ ಮುಖಮಾಡಿ ಕೋಲೂರಿ ನಿಂತರೆ, ಅವರ ಬೆನ್ನ ಹಿಂದೆ ನೀರಿನ ಜೋರು ಸ್ವಲ್ಪ ಮುರಿಯುತ್ತದೆ. ಎರಡನೆಯವರು ಅಲ್ಲಿ ನಿಂತು ಅವರ ಭುಜ ಹಿಡಿಯಲಿ. ಒಬ್ಬರು ಹೆಜ್ಜೆಯಿಟ್ಟಾಗ ಇನ್ನೊಬ್ಬರು ಅಲುಗಬಾರದು, ಕಾಲಿಗೆ ಕಾಲು ಅಡ್ಡ ಹಾಕಬಾರದು. ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ, ನೀರಿಗೆ ಇಳಿಯಲು ತೊಡುವ ಉದ್ದ ಷರಾಯಿ, ಅಂದರೆ ವೇಡರಿನ ಬೆಲ್ಟು ಬಿಗಿಯಾಗಿರಲಿ. ಈ ಎರಡನ್ನು ತಿರುಗಿಸಿ ನೆನಪಿಟ್ಟುಕೊಂಡವರು ಅನೇಕರು. ಚೀಲ ಸಲೀಸಾಗಿ ಕಳಚಬೇಕು, ವೇಡರಿನೊಳಗೆ ನೀರು ನುಗ್ಗಬಾರದು, ಇದೇ ಕಾರಣ.

ಅಣೆಕಟ್ಟಿನ ಕೆಳಗಂತೂ ಯಾರ ಜೊತೆಯಲ್ಲೂ ಇಳಿಯಬೇಡಿ. ತೀರ್ಥನ್ ಹೊಳೆ ಬಿಯಾಸ್ ನದಿ ಸೇರುವ ಲಾರ್ಜಿಯಲ್ಲಿ ಅಣೆಕಟ್ಟಿದೆ. 2014ರ ಜೂನ್ 8ರಂದು ಅಲ್ಲಿಂದ ಏಕಾಏಕಿ ಬಿಟ್ಟ ನೀರಿಗೆ, ಕೆಳಗೆ ಬಿಯಾಸ್‌ಗೆ ಇಳಿದಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು.

ಇನ್ನು ಕೊಕ್ಕೆ. ಕೈಗೋ ಕುತ್ತಿಗೆಯ ಹಿಂಬದಿಗೋ ಕೊಕ್ಕೆ ನಾಟಿದರೆ ತೆಗೆಯಲು ಎರಡನೆಯವರ ಕೈ ಬೇಕು, ಮತ್ತು ಆ ಕೈ ನಡುಗಬಾರದು. ಲೀಡರಿನ ದಪ್ಪ ಬುಡದಿಂದ ಎರಡು ಅಡಿ ತುಂಡು ಕತ್ತರಿಸಿ, ಮಡಚಿ, ಕೊಕ್ಕೆಯ ಬಾಗಿನ ಸುತ್ತ ಹಾಯಿಸಿ, ತುದಿಗಳನ್ನು ಬೆರಳಿಗೆ ಸುತ್ತಿಕೊಳ್ಳಬೇಕು. ಇನ್ನೊಂದು ಕೈಯ ಬೆರಳಿನಿಂದ ಕೊಕ್ಕೆಯ ಕಣ್ಣನ್ನು ಚರ್ಮಕ್ಕೆ ಒತ್ತಿ ಹಿಡಿಯಬೇಕು. ಹಾಗೆ ಒತ್ತಿದಾಗ ಒಳಗಿನ ಮುಳ್ಳು ಮಾಂಸದಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಚರ್ಮಕ್ಕೆ ಸಮಾಂತರವಾಗಿ, ನಾಟಿದ ದಾರಿಯಲ್ಲೇ ಹಿಂದಕ್ಕೆ ಒಂದೇ ಜಗ್ಗು. ಅನುಮಾನಿಸುತ್ತಾ ಮೆಲ್ಲಗೆ ಎಳೆದರೆ ಮುಳ್ಳು ಮತ್ತೆ ಕಚ್ಚಿಕೊಳ್ಳುತ್ತದೆ. ಕಣ್ಣಿನ ಹತ್ತಿರ, ಮುಖ, ಕೀಲುಗಳಾದರೆ ಮುಟ್ಟದೆ ಆಸ್ಪತ್ರೆಗೆ ನಡೆಯಿರಿ. ಟೆಟನಸ್ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ. ಕೊಕ್ಕೆಯ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿಕೊಂಡು ಬಂದಿದ್ದರೆ ಈ ಜಗ್ಗಾಟ ಬೇಕಾಗುವುದಿಲ್ಲ.

ದೋಣಿಯಾದರೆ ಲೆಕ್ಕ ಬೇರೆ

ಅಮೆರಿಕದಲ್ಲಿರುವ ಕನ್ನಡಿಗರು ಮೊಂಟಾನಾದ ಮ್ಯಾಡಿಸನ್, ಯೆಲ್ಲೋಸ್ಟೋನ್ ನದಿಗಳಲ್ಲಿ ಡ್ರಿಫ್ಟ್ ಬೋಟ್ ಹತ್ತುವುದುಂಟು. ಗೈಡ್ ನಡುವೆ ಹುಟ್ಟು ಹಾಕುತ್ತಾರೆ, ಒಬ್ಬರು ಮೂತಿಯಲ್ಲಿ, ಇನ್ನೊಬ್ಬರು ಹಿಂಬದಿಯಲ್ಲಿ. ಇಲ್ಲಿ ನಡಿಗೆಯ ಪ್ರಶ್ನೆಯೇ ಇಲ್ಲ, ದೋಣಿಯ ವೇಗವೇ ಇಬ್ಬರದೂ. ಲಯ ಮತ್ತು ಮಾತು ಹೊಂದಬೇಕು. ಹಿಂದಿನವರು ಮುಂದಿನವರ ಲೈನ್ ನೋಡಿಕೊಂಡು, ಅದು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದ ಮೇಲೆ ತಮ್ಮದನ್ನು ಎತ್ತಬೇಕು. ಇಲ್ಲದಿದ್ದರೆ ಎರಡು ಲೈನ್ ಗಾಳಿಯಲ್ಲೇ ಹೆಣೆದುಕೊಂಡು, ಬಿಡಿಸುವಷ್ಟರಲ್ಲಿ ಒಳ್ಳೆಯ ನೀರು ಕಿಲೋಮೀಟರ್ ಹಿಂದೆ ಉಳಿದಿರುತ್ತದೆ. ದೋಣಿಗೆ ಮಾತಿನ ಮೇಷ್ಟ್ರು ಬೇಡ, ಎಂಟು ಗಂಟೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಮೌನಿಗಳು ಉತ್ತಮ. ಎರಡು ಗಂಟೆಗೊಮ್ಮೆ ಜಾಗ ಬದಲಿಸಿಕೊಳ್ಳಿ, ಮೂತಿಯಲ್ಲಿದ್ದವರಿಗೇ ಹೊಸ ನೀರು ಸಿಗುವುದು.

ಕಾವೇರಿಗೆ ಕರೆಯುವವರು

‘ಅಷ್ಟು ದೂರ ಯಾಕೆ, ಭೀಮೇಶ್ವರಿ ಹತ್ತಿರ ನನಗೆ ಗೊತ್ತಿರೋ ಜಾಗ ಇದೆ’ ಎನ್ನುವ ಜೊತೆಗಾರರೂ ಸಿಗುತ್ತಾರೆ. ಗಾಲಿಬೋರೆ, ದೊಡ್ಡಮಾಕಳಿ, ಭೀಮೇಶ್ವರಿಯ ಶಿಬಿರಗಳಲ್ಲಿ ಒಂದು ಕಾಲದಲ್ಲಿ ರಾಗಿ ಮುದ್ದೆ ಕಟ್ಟಿ ಮಹಸೀರ್ ಹಿಡಿದು ಬಿಡುತ್ತಿದ್ದದ್ದು ನಿಜ. ಅದೀಗ ಕಾವೇರಿ ವನ್ಯಜೀವಿ ಧಾಮದ ಒಳಗಿನ ನೀರು, ಗಾಳ ಹಾಕುವಂತಿಲ್ಲ. ಅಲ್ಲಿನ ಕಿತ್ತಳೆ ರೆಕ್ಕೆಯ ಡುಬ್ಬದ ಮಹಸೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಇಲ್ಲಿ ಜಾಗ ತೋರಿಸುತ್ತೇನೆ ಎಂದವರನ್ನು ಬೇರೆ ಯಾವ ಹೊಳೆಗೂ ಕರೆದೊಯ್ಯಬೇಡಿ.

ಟಿಕೆಟ್ ಮಾಡುವ ಮೊದಲು

ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಯಾವುದಾದರೂ ಹುಲ್ಲಿನ ಮೈದಾನಕ್ಕೆ ಹೋಗಿ. ಕೊಕ್ಕೆಯ ಬದಲು ಲೀಡರಿನ ತುದಿಗೆ ಬಣ್ಣದ ಉಲ್ಲನ್ ದಾರ ಕಟ್ಟಿ, ಒಂದೇ ರಾಡನ್ನು ಇಬ್ಬರೂ ಎರಡು ಗಂಟೆ ಹಂಚಿಕೊಳ್ಳಿ. ಅವರ ಕಾಸ್ಟ್ ಎಷ್ಟು ದೂರ ಹೋಗುತ್ತದೆ ಎಂದು ನೋಡುವುದು ಬೇಡ. ಬೀಸುವ ಮೊದಲು ಹಿಂತಿರುಗಿ ನೋಡುತ್ತಾರೆಯೇ? ಲೈನ್ ಗಂಟು ಬಿದ್ದಾಗ ಕೂತು ಬಿಡಿಸುತ್ತಾರೋ, ಎಳೆದು ಬಿಗಿ ಮಾಡುತ್ತಾರೋ? ನಿಮ್ಮ ಸರದಿ ಬಂದಾಗ ಕೇಳುವ ಮೊದಲೇ ರಾಡಿನ ಹಿಡಿಯನ್ನು ನಿಮ್ಮ ಕಡೆ ತಿರುಗಿಸಿ ಕೊಡುತ್ತಾರೆಯೇ? ಹಾಗೆ ಕೊಟ್ಟವರ ಹೆಸರಿನಲ್ಲಿ ಟಿಕೆಟ್ ಮಾಡಿಸಿ, ಏಪ್ರಿಲ್ ಮೊದಲ ವಾರಕ್ಕೋ ಮೇ ತಿಂಗಳಿಗೋ ಎನ್ನುವುದನ್ನು ಅವರ ನಡಿಗೆ ನೋಡಿ ತೀರ್ಮಾನಿಸಿ.